ಅಪ್ಪನ ಲಾಗ್ ಬುಕ್ಕಲ್ಲಿ ಒಂದ್ ಖಾಲಿ ಸಾಲು

ಮೊದ್ಲೇ ಹೇಳಿಬಿಡ್ತೀನಿ, ನೀವ್ ಇದನ್ನ ನಂಬಲ್ಲ. ನಂಬದೇ ಇದ್ರೂ ನನಗೇನ್ ಬೇಜಾರಿಲ್ಲ, ನಮ್ಮ ಕ್ಲಾಸಲ್ಲೇ ಯಾರೂ ನಂಬಲ್ಲ. ನಾನು ಒಂದ್ ಹಾವು ನೋಡಿದ್ರೆ ಎರಡು ಅಂತೀನಿ. ಎರಡು ನೋಡಿದ್ರೆ ಅವಕ್ಕೆ ಮದುವೆ ನಡೀತಿತ್ತು, ನಾನು ಅಕ್ಷತೆ ಹಾಕಿ ಬಂದೆ ಅಂತೀನಿ. ನಮ್ಮಜ್ಜಿ ಇದಕ್ಕೆ ರೀಲು ಬಿಡೋದು ಅಂತಾಳೆ. ಆದ್ರೆ ಇದು ರೀಲಲ್ಲ. ಹದಿನಾರನೇ ವಯಸ್ಸಿಗೆ ನಾನು ಭದ್ರಾವತಿಯಲ್ಲಿ ಒಂದು ಟೂರ್ ಕಂಪನಿ ಓನರ್ ಆಗಿದ್ದೆ. ಹನ್ನೆರಡು ದಿನ. ಕಂಪನಿಗೆ ಒಬ್ಬ ಗೈಡು, ಒಂದ್ ಓಮ್ನಿ, ಒಬ್ರು ಆಫೀಸ್ ಸ್ಟಾಫು. ಗೈಡು ನಮ್ಮಪ್ಪ. ಓಮ್ನಿನೂ ನಮ್ಮಪ್ಪಂದೇ. ಆಫೀಸ್ ಸ್ಟಾಫು ನಮ್ಮಜ್ಜಿ. ಇಷ್ಟು ಜನರಲ್ಲಿ ಗೈಡಿಗೆ ಮಾತ್ರ ತಾನು ಗೈಡು ಅಂತ ಗೊತ್ತಿರ್ಲಿಲ್ಲ.

ನಗಿ, ಪರ್ವಾಗಿಲ್ಲ. ನಾನೂ ಆಗ ಬಹಳ ನಕ್ಕಿದ್ದೆ.

ಅಪ್ಪ ಫ್ಯಾಕ್ಟರಿಯಲ್ಲಿ ಕಾಗದದ ಮೆಷಿನ್ ಆಪರೇಟರ್ ಆಗಿದ್ದ. ನಾನು ಇನ್ನೂ ಚಿಕ್ಕೋಳಿದ್ದಾಗ್ಲೇ ಮೆಷಿನ್ ನಿಂತುಹೋಯ್ತು. ಆಮೇಲೆ ಒಂದು ಹಳೇ ಓಮ್ನಿ ತಗೊಂಡ. ಬೆಳಿಗ್ಗೆ ಸಂಜೆ ಸ್ಕೂಲ್ ಮಕ್ಕಳು, ನಡುವೆ ಯಾರಾದ್ರೂ ಕರೆದ್ರೆ ಶಿವಮೊಗ್ಗದ ಆಸ್ಪತ್ರೆ, ರೈಲ್ವೆ ಸ್ಟೇಷನ್ನು. ಆ ಗಾಡಿಗೆ ರಿವರ್ಸ್ ಹಾಕಿದ್ರೆ ಹಾಡುತ್ತೆ. ಐಸ್‌ಕ್ರೀಮ್ ಗಾಡಿ ಥರ ಟಿಣಿಂಗ್ ಟಿಣಿಂಗ್ ಅಂತ. ಮನೆ ಮುಂದಿನ ಸಂದಿಯಲ್ಲಿ ಅಪ್ಪ ಗಾಡಿ ಹಿಂದಕ್ಕೆ ತರುವಾಗ ಇಡೀ ಬೀದಿಗೆ ಅದು ಕೇಳ್ಸುತ್ತೆ. ನಾನು ಆ ಹಾಡು ಕೇಳಿದ ಕೂಡ್ಲೇ ಮೊಬೈಲ್ ದಿಂಬಿನ ಕೆಳಗೆ ಹಾಕಿ ಪುಸ್ತಕ ತೆಗೀತಿದ್ದೆ. ಹತ್ತು ವರ್ಷ ನನ್ನ ಓದಿಗೆ ಕಾರಣ ಆ ರಿವರ್ಸ್ ಹಾರ್ನೇ ಅಂದ್ರೂ ಸುಳ್ಳಲ್ಲ.

ಹೋದ್ ವರ್ಷ ಸ್ಕೂಲಿನವರು ತಮ್ಮದೇ ಬಸ್ಸು ಬಿಟ್ರು. ಮಕ್ಕಳೆಲ್ಲ ಬಸ್ ಹತ್ತಿದ್ರು. ಗಾಡಿ ಸುಮ್ನೆ ನಿಲ್ಲೋಕೆ ಶುರುವಾಯ್ತು.

ಒಂದ್ ಭಾನುವಾರ ಬೆಳಿಗ್ಗೆ ನಾನು ಬಚ್ಚಲ ಒಲೆ ಮುಂದೆ ಕೂತು ನೀರು ಕಾಯಿಸ್ತಿದ್ದೆ. ಅಡುಗೆಮನೆಯಲ್ಲಿ ಅಪ್ಪ ಅಮ್ಮನ ಹತ್ರ ಮಾತಾಡ್ತಿದ್ದ. ಅಮ್ಮ ಶಿವಮೊಗ್ಗದ ಗಾಂಧಿ ಬಜಾರಲ್ಲಿ ಸೀರೆ ಅಂಗಡಿಗೆ ಕೆಲಸಕ್ಕೆ ಹೋಗ್ತಾಳೆ, ಭಾನುವಾರ ಬೆಳಿಗ್ಗೆ ಒಂದೇ ಅವರಿಬ್ಬರೂ ಕೂತು ಮಾತಾಡೋ ಟೈಮು.

"ಗುಜರಾತಲ್ಲಿ ಪೇಪರ್ ಮಿಲ್ಲಂತೆ. ನಮ್ಮ ಹಳೇ ಶಿಫ್ಟಿನವರು ಇಬ್ಬರು ಅಲ್ಲೇ ಇದ್ದಾರೆ. ಎರಡು ವಾರದಲ್ಲಿ ಹೂಂ ಉಹೂಂ ಹೇಳ್ಬೇಕು."

"ಹೋದ್ರೆ ಎಷ್ಟ್ ದಿನಕ್ಕೊಂದ್ಸಲ ಬರೋದು?"

"ವರ್ಷಕ್ಕೊಂದ್ಸಲ ಅಂತ ಇಟ್ಕೋ."

ಸೌಟು ಪಾತ್ರೆಗೆ ತಾಗಿದ ಶಬ್ದ ಮಾತ್ರ ಬಂತು.

"ಇಲ್ಲೇ ಏನಾದ್ರೂ ಆಗುತ್ತಾ ನೋಡ್ತೀನಿ," ಅಂದ ಅಪ್ಪ. "ಗಾಡಿ ಇರೋವರೆಗೂ ಇಲ್ಲೇ ಇರೋ ಆಸೆ. ಗಾಡಿ ಕೊಟ್ಟೆ ಅಂದ್ರೆ ಹೊರಟೆ ಅಂತ್ಲೇ ತಿಳ್ಕೋ."

ಒಲೆ ಹೊಗೆಗೆ ಕಣ್ಣು ಉರೀತಿತ್ತು. ಇದನ್ನ ಹೊಗೆ ಅಂತ್ಲೇ ಬರೀತೀನಿ, ನೀವೂ ಹಾಗೇ ಓದಿ.

ಸೋಮವಾರ ಕಾಲೇಜಿಂದ ಬಂದೋಳೇ ಕಂಪನಿ ತೆರೆದೆ. ನಮ್ಮೂರಿಗೆ ಬರೋರು ಜೋಗಕ್ಕೆ ಹೋಗೋ ದಾರೀಲಿ ಟೀ ಕುಡಿದು ಹೋಗ್ತಾರೆ, ಅಷ್ಟೇ. ಅವರನ್ನ ಒಂದ್ ದಿನ ಹಿಡಿದು ನಿಲ್ಲಿಸೋರು ಬೇಕು ಅಂತ ನನ್ನ ಪ್ಲಾನು. ಮೊಬೈಲಲ್ಲಿ ಜಾಹೀರಾತು ಹಾಕಿದೆ: "ಶಿವಮೊಗ್ಗ ಮತ್ತು ಭದ್ರಾವತಿ, ಒಂದು ದಿನ, ನಿಮಗೊಬ್ಬರಿಗೇ ಗೈಡ್, ಸ್ವಂತ ವಾಹನ. ಇಪ್ಪತ್ತೈದು ವರ್ಷ ಅನುಭವ. ಏಳು ಭಾಷೆ." ಅನುಭವ ಸುಳ್ಳಲ್ಲ, ಅಪ್ಪ ಈ ಊರಲ್ಲಿ ಅದಕ್ಕಿಂತ ಜಾಸ್ತಿನೇ ಬದುಕಿದ್ದಾನೆ. ಭಾಷೆನೂ ಐದು ನಿಜ. ಕನ್ನಡ ಮನೇದು, ತಮಿಳು ತೆಲುಗು ಮೆಷಿನ್ ಪಕ್ಕದವರದ್ದು, ಉರ್ದು ಗ್ಯಾರೇಜಿಂದು, ಹಿಂದಿ ಟೀವಿದು. ಆರನೇದು ಇಂಗ್ಲಿಷು, ಗೇರು ಕ್ಲಚ್ಚು ಬ್ರೇಕು ಅಂತ ಅಪ್ಪ ದಿನಾ ಹೇಳ್ತಾನೆ. ಏಳನೇದು ಆನೆ ಭಾಷೆ. ಸಕ್ರೆಬೈಲು ಆನೆ ಬಿಡಾರದಲ್ಲಿ ಒಂದ್ಸಲ ಅಪ್ಪ ಆನೆಗೆ "ಹೋಗಪ್ಪ" ಅಂದಿದ್ದ, ಅದು ಹೋಗಿತ್ತು.

ಫೋಟೋಗೆ ಅಪ್ಪ ಯಾರದ್ದೋ ಮದುವೆಯಲ್ಲಿ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ನಿಂತಿದ್ದು ಹಾಕಿದೆ. ಪಕ್ಕದಲ್ಲಿದ್ದ ಅಡುಗೆ ಭಟ್ಟರನ್ನ ಕತ್ತರಿಸಿದೆ, ಆದ್ರೆ ಅವರ ಕೈಯಲ್ಲಿದ್ದ ಸೌಟು ಅಪ್ಪನ ಭುಜದ ಮೇಲೆ ಉಳ್ಕೊಂಡ್ಬಿಡ್ತು.

ಅಜ್ಜಿಗೆ ತೋರಿಸಿದೆ. ಅಜ್ಜಿ ಕನ್ನಡಕ ಸರಿ ಮಾಡ್ಕೊಂಡು ನೋಡಿ, "ಲೇ, ಗೈಡಿಗೆ ಸೌಟು ಯಾಕೆ?" ಅಂದ್ಲು.

"ಊಟಾನೂ ಹಾಕ್ಸ್ತಾರೆ ಅಂತ ಅರ್ಥ ಅಜ್ಜಿ."

"ನಿನ್ನ ತಲೆ. ಅವನಿಗೆ ಹೇಳಿದ್ಯಾ?"

"ಇಲ್ಲ. ಪೂರ್ತಿ ಆದ್ಮೇಲೆ ಹೇಳ್ತೀನಿ."

ಈ "ಪೂರ್ತಿ ಆದ್ಮೇಲೆ" ಅನ್ನೋದು ನನ್ನ ಮಾತಲ್ಲ, ನಮ್ಮಪ್ಪಂದು. ಫ್ಯಾಕ್ಟರಿಯಲ್ಲಿ ಪ್ರತಿ ಶಿಫ್ಟಿಗೂ ಲಾಗ್ ಬುಕ್ ಇರ್ತಿತ್ತಂತೆ. ಎಷ್ಟೊತ್ತಿಗೆ ಏನಾಯ್ತು, ಮೆಷಿನ್ ಹೇಗಿದೆ ಅಂತ ಸಾಲು ಸಾಲು ಬರೀಬೇಕು. ಕೆಳಗೆ ಎರಡು ಸೈನು. ಒಂದು ಒಪ್ಪಿಸಿದವರದ್ದು, ಇನ್ನೊಂದು ವಹಿಸಿಕೊಂಡವರದ್ದು. ಒಂದ್ ಸಾಲು ಖಾಲಿ ಇದ್ರೂ ಮುಂದಿನ ಶಿಫ್ಟಿನವರು ಸೈನ್ ಹಾಕ್ತಿರ್ಲಿಲ್ಲ, ಇವರು ಮನೆಗೆ ಬರೋ ಹಾಗಿರ್ಲಿಲ್ಲ. ಮೆಷಿನ್ ನಿಂತು ಇಷ್ಟು ವರ್ಷ ಆದ್ರೂ ಅಪ್ಪನೊಳಗೆ ಅದು ನಿಂತಿಲ್ಲ. ನಮ್ಮನೆಯಲ್ಲಿ ಅರ್ಧ ಸುದ್ದಿ ಹೇಳೋ ಹಾಗಿಲ್ಲ. ಮೂರನೇ ಕ್ಲಾಸಲ್ಲಿ ಓಟದ ಪಂದ್ಯದ ಮೊದಲ ಸುತ್ತು ಗೆದ್ದು ಓಡಿ ಬಂದು ಹೇಳಿದ್ದೆ. ಅಪ್ಪ ಕೇಳಿದ್ದು ಒಂದೇ ಮಾತು, "ಪೂರ್ತಿ ಆಯ್ತಾ?" ಮಾರನೇ ದಿನ ಫೈನಲ್ಲಲ್ಲಿ ಬಿದ್ದು ಮಂಡಿ ಒಡ್ಕೊಂಡೆ. ಡೆಟಾಲ್ ಹಚ್ಚುತ್ತಾ ಅಪ್ಪ ಅಂದಿದ್ದ, "ಅರ್ಧ ಬರ್ದಿರೋ ಲಾಗ್ ಬುಕ್ಕು ಬರೀದೇ ಇರೋದಕ್ಕಿಂತ ಕೆಟ್ಟದ್ದು ಕಣಮ್ಮ. ಮುಂದಿನವನು ನಂಬಿಬಿಡ್ತಾನೆ."

ಅಪ್ಪ ಫ್ಯಾಕ್ಟರಿಯಿಂದ ತಂದಿದ್ದ ಒಂದು ಬರೀದ ಲಾಗ್ ಬುಕ್ಕು ಅಟ್ಟದಲ್ಲಿತ್ತು. ದಪ್ಪ ರಟ್ಟು, ಒಳಗೆ ಗೆರೆ ಗೆರೆ. ಅದನ್ನೇ ಇಳಿಸಿಕೊಂಡೆ. ಅಪ್ಪಂಗೆ ಅಪ್ಪನ ಭಾಷೆಯಲ್ಲೇ ಕೊಡೋಣ ಅಂತ. ಎಲ್ಲಾ ಸಾಲೂ ತುಂಬಿಸಿ, ಅಮ್ಮನೂ ಮನೇಲಿರೋ ಹೊತ್ತಿಗೆ, ಅಪ್ಪನ್ನ ಕುರ್ಚಿ ಮೇಲೆ ಕೂರಿಸಿ, "ಸಾರ್, ಶಿಫ್ಟ್ ವಹಿಸಿಕೊಳ್ಳಿ" ಅಂತ ಪೆನ್ನು ಕೊಡೋದು. ಆ ಸೀನನ್ನ ನಾನು ಎಷ್ಟ್ ಸಲ ಮಾಡ್ಕೊಂಡೆ ಅಂದ್ರೆ, ಅಪ್ಪ ಎಲ್ಲಿ ಕೆಮ್ತಾನೆ, ಅಮ್ಮ ಎಲ್ಲಿ ಸೆರಗು ಮುಖಕ್ಕೆ ಒತ್ಕೊಳ್ತಾಳೆ ಅನ್ನೋದೂ ಗೊತ್ತಿತ್ತು.

ಬುಧವಾರ ಗಿರಾಕಿ ಸಿಕ್ರು. ನಿಜವಾಗ್ಲೂ. ನಾನೇ ನಂಬಲಿಲ್ಲ. ಧಾರವಾಡದ ಒಬ್ರು ಮೇಡಂ, ರಿಟೈರ್ ಆದ ಟೀಚರು. ಟೈಪ್ ಮಾಡಲ್ಲ, ಎಲ್ಲಾ ವಾಯ್ಸ್ ಮೆಸೇಜು.

"ನಮಸ್ಕಾರ್ರೀ ಅಣ್ಣಾರ. ನಾನು, ನಮ್ಮ ಮನಿಯವರು, ಇಬ್ಬರ ಬರಾವ್ರು. ಮುಂದಿನದು ಬಿಟ್ಟು ಅದರ ಮುಂದಿನ ಐತವಾರ. ಅವರಿಗೆ ಮೊಣಕಾಲ ಬ್ಯಾನಿ ಐತಿ, ಭಾಳ ಓಡಸಬ್ಯಾಡ್ರಿ. ಇವರು ಹುಡುಗರಿದ್ದಾಗ ಭದ್ರಾವತಿ ಪೇಪರ್ ಫ್ಯಾಕ್ಟರಿಯೊಳಗ ಆರು ತಿಂಗಳ ಟ್ರೇನಿಂಗ್ ಇದ್ರು. ಆ ಊರು, ಆ ಫ್ಯಾಕ್ಟರಿ ಒಳಗಿನಿಂದ ಬಲ್ಲವರು ಬೇಕಂತಾರ. ನೀವು ಬಲ್ಲಿರೇನ್ರಿ?"

ಬಲ್ಲಿರಾ ಅಂತೆ! ಅಜ್ಜಿ ಮೊಬೈಲನ್ನ ಕಿವಿಗೆ ಒತ್ಕೊಂಡು ಮೂರ್ ಸಲ ಕೇಳಿದ್ಲು. ಆಮೇಲೆ ದೇವರ ಮುಂದೆ ಹೋಗಿ ದೀಪದ ಬತ್ತಿ ಸುಮ್ಮನೆ ಸರಿ ಮಾಡಿ ಬಂದ್ಲು.

ಕೊನೇಗೆ ಇನ್ನೊಂದು ಮೆಸೇಜು: "ನಮ್ದು ರಿಟೈರ್ ಆದವರ ಒಂದು ಬಳಗ ಐತ್ರಿ. ನಮಗ ಛಲೋ ಅನ್ನಿಸ್ತಂದ್ರ ತಿಂಗಳಾ ಎರಡ್ ಮೂರ್ ಜೋಡಿ ನಿಮ್ಮ ಕಡೆ ಕಳಸ್ತೀನಿ."

ಅದೇ ಬೇಕಾಗಿದ್ದು. ತಿಂಗಳಾ ಎರಡ್ ಮೂರ್ ಜೋಡಿ ಬಂದ್ರೆ ಗಾಡಿ ಓಡುತ್ತೆ. ಗಾಡಿ ಓಡಿದ್ರೆ ಅಪ್ಪ ಇಲ್ಲೇ.

ಕಷ್ಟ ಅಂದ್ರೆ ಮೇಡಂಗೆ ಮಾತಾಡ್ಬೇಕು. ಫೋನ್ ಮೇಲೆ ಫೋನು. ನಾನು ಅಪ್ಪನ ಹೆಸರಲ್ಲಿ ಟೈಪ್ ಮಾಡ್ದೆ: "ಗಂಟಲು ಹೋಗಿದೆ ಮೇಡಂ, ಡಾಕ್ಟರು ಮಾತಾಡಬಾರದು ಅಂದಿದ್ದಾರೆ."

"ಅಯ್ಯ, ಗಂಟಲಿಲ್ಲದ ಗೈಡ್ ತಗೊಂಡು ನಾವೇನ್ ಮಾಡೂಣ್ರಿ?"

"ಆ ಭಾನುವಾರಕ್ಕೆ ವಾಪಸ್ ಬರುತ್ತೆ ಮೇಡಂ."

ಅವತ್ತಿಂದ ದಿನಾ ಬೆಳಿಗ್ಗೆ ಮೇಡಂ ವಾಯ್ಸ್ ಮೆಸೇಜಲ್ಲಿ ಗಂಟಲಿಗೆ ಒಂದು ಔಷಧಿ ಹೇಳೋರು. ಶುಂಠಿ ಬೆಲ್ಲ, ಅರಿಶಿನದ ಹಾಲು, ಜ್ಯೇಷ್ಠಮಧು. ಒಂದಿನ ನಾನು ಕಾಲೇಜಲ್ಲಿದ್ದಾಗ ಮನೇಲಿ ಬಿಟ್ಟಿದ್ದ ಮೊಬೈಲಿಗೆ ಫೋನ್ ಬಂದಿದೆ, ಅಜ್ಜಿ ಎತ್ತಿದ್ದಾಳೆ.

"ಹಲೋ, ಆಫೀಸು."

"ಯಾವ ಆಫೀಸ್ರಿ?"

"ಗೈಡ್ ಆಫೀಸು. ಸಾಹೇಬ್ರು ಸ್ನಾನಕ್ಕೆ ಹೋಗಿದ್ದಾರೆ."

ಸಾಹೇಬ್ರು ಅಷ್ಟೊತ್ತಿಗೆ ಮನೆ ಮುಂದೆ ಗಾಡಿ ಕೆಳಗೆ ಮಲಗಿ ಬೋಲ್ಟು ಬಿಗೀತಿದ್ರಂತೆ. "ಯಾರಮ್ಮ ಫೋನು?" ಅಂತ ಕೇಳಿದ್ದಕ್ಕೆ ಅಜ್ಜಿ, "ಲೋನ್ ಬೇಕಾ ಅಂತ ಕೇಳ್ತಾರೆ ಕಣೋ, ಹಾಳಾದೋರು," ಅಂದಿದ್ದಾಳೆ. ನಾನು ರೀಲು ಬಿಡೋದು ಎಲ್ಲಿಂದ ಕಲ್ತೆ ಅಂತ ಅವತ್ತು ಗೊತ್ತಾಯ್ತು.

ದಿನಾ ಮಧ್ಯಾಹ್ನ ಅಜ್ಜಿ, ನಾನು ಲಾಗ್ ಬುಕ್ ಮುಂದೆ. ಶಿವಮೊಗ್ಗದ ಬಸ್ ಸ್ಟ್ಯಾಂಡ್ ಹತ್ರ ಲಾಡ್ಜಿಂದ ಏಳೂವರೆಗೆ ಕರ್ಕೊಳ್ಳೋದು. ಆನೆಗಳು ಸ್ನಾನಕ್ಕೆ ಬರೋ ಹೊತ್ತಿಗೆ ಸಕ್ರೆಬೈಲು. ವಾಪಸ್ ಬರ್ತಾ ಕೋಟೆ ಹತ್ರದ ಅರಮನೆ, ತುಂಗಾ ಸೇತುವೆ. ಮಧ್ಯಾಹ್ನ ಭದ್ರಾವತಿಗೆ. ಹಳೇನಗರದ ದೇವಸ್ಥಾನ, ಭದ್ರಾ ಹೊಳೆ, ಆಮೇಲೆ ಫ್ಯಾಕ್ಟರಿ ಗೇಟು.

"ಹೊಳಲೂರು ಹಾಕು," ಅಂದ್ಲು ಅಜ್ಜಿ.

"ಅದು ಆ ಕಡೆ ಅಜ್ಜಿ, ದಾರೀಲೇ ಸಿಗಲ್ಲ. ಅಲ್ಲೇನಿದೆ?"

"ನಾನ್ ಹುಟ್ಟಿದ್ದೀನಿ. ಸಾಲ್ದಾ?"

"ಬೋರ್ಡ್ ಹಾಕಿದ್ದಾರಾ?"

"ಹಾಕ್ತಾರೆ ಬಿಡು ನಾನ್ ಹೋದ್ಮೇಲೆ. ಮೆಣಸಿನಕಾಯಿ ಮಂಡಕ್ಕಿ ತಿಂದು ಹೊಳೆ ದಂಡೆ ಮೇಲೆ ಕೂತ್ಕೊಳ್ಳಿ ಮಾರಾಯ್ತಿ. ಅದೇನ್ ಆನೆ ನೋಡಿದ್ದೇ ನೋಡೋದು, ಅದೂ ಸ್ನಾನ ಮಾಡುವಾಗ. ನಿಮ್ಮನ್ನ ಯಾರಾದ್ರೂ ಹಂಗ್ ಬಂದು ನೋಡಿದ್ರೆ?"

ಷರಾ ಅನ್ನೋ ಕಾಲಮ್ಮಲ್ಲಿ ಬರೆದೆ: ಹೊಳಲೂರು, ಟೈಮ್ ಉಳಿದ್ರೆ. ಅಜ್ಜಿ ಓದಿಸಿ ಕೇಳಿ, "ಟೈಮ್ ಉಳಿಯೋ ಥರ ಬರಿ," ಅಂದ್ಲು.

ಟೈಮು ಲೆಕ್ಕ ಹಾಕೋಕೆ ಗಾಡಿ ಓಡಿಸಿ ನೋಡ್ಬೇಕಿತ್ತು. ಗಿರಾಕಿ ಬರೋದಕ್ಕೆ ಒಂದ್ ವಾರ ಮುಂಚೆ, ಭಾನುವಾರ, ಅಪ್ಪಂಗೆ ಕಾಲೇಜ್ ಪ್ರಾಜೆಕ್ಟು ಅಂದೆ. ವಿಷಯ ಏನು ಅಂದ. "ನಮ್ಮ ಜಿಲ್ಲೆ" ಅಂದೆ. ಇಡೀ ಜಿಲ್ಲೆನಾ ಅಂದ. "ಅಪ್ಪ, ಒಂದ್ ದಿನದಲ್ಲಿ ಎಷ್ಟಾಗುತ್ತೋ ಅಷ್ಟು ಜಿಲ್ಲೆ." ಅಪ್ಪ ಪೆಟ್ರೋಲ್ ಮೀಟರಿಗೆ, ಅದರ ಮೇಲಿನ ಗಣಪತಿಗೆ ನಮಸ್ಕಾರ ಮಾಡಿ ಗಾಡಿ ತೆಗೆದ. ಅಜ್ಜಿ ತನ್ನ ದಿಂಬು ಹಿಡ್ಕೊಂಡು ಮುಂದಿನ ಸೀಟು ಹತ್ತಿದ್ಲು. ಹೂವಿನ ಗವಸಿನ ಆ ಚಿಕ್ಕ ದಿಂಬು ಗಾಡಿಯಲ್ಲೇ ಇರುತ್ತೆ, ಸೊಂಟಕ್ಕೆ ಅದಿಲ್ಲದೆ ಅಜ್ಜಿ ಎಲ್ಲಿಗೂ ಬರಲ್ಲ.

ನಾನು ಹಿಂದೆ ಕೂತು ಮೊಬೈಲಲ್ಲಿ ಟೈಮ್ ನೋಡ್ತಾ, ಅಪ್ಪನ ಬಾಯಿಂದ ಮಾತು ಹೊರಡಿಸ್ತಾ ಇದ್ದೆ. ಸಕ್ರೆಬೈಲಲ್ಲಿ ಅಪ್ಪ ಪರ್ವಾಗಿಲ್ಲ ಅನ್ನೋ ಥರ. ಅರಮನೆಯಲ್ಲಿ ಸುಮಾರು. "ಇದು ಕಂಬ. ಮರದ್ದು" ಅಂದು ಮುಂದೆ ಹೋದ. ದೇವಸ್ಥಾನದಲ್ಲಿ ಮೆಟ್ಟಿಲು ಎಣಿಸಿ, ಮೊಣಕಾಲು ನೋವಿನವರು ಎಲ್ಲಿ ಕೈ ಊರ್ಬಹುದು ಅಂತ ನಾನೇ ನೋಡ್ಕೊಂಡೆ.

ಫ್ಯಾಕ್ಟರಿ ಗೇಟಿನ ಮುಂದೆ ಗಾಡಿ ನಿಲ್ಲಿಸಿದ ಮೇಲೆ ಅಪ್ಪ ಬೇರೆಯವನೇ ಆದ.

ಗೇಟ್ ಮುಚ್ಚಿತ್ತು. ಒಳಗೆ ಹುಲ್ಲು ಸೊಂಟದೆತ್ತರ. ಅಪ್ಪ ಗೇಟಿನ ಸರಳು ಹಿಡ್ಕೊಂಡು ಬೆರಳು ತೋರಿಸ್ತಾ ಹೋದ. ಬಿದಿರು ಅಲ್ಲಿಂದ ಬರ್ತಿತ್ತು, ಅಲ್ಲಿ ಬೇಯ್ತಿತ್ತು, ಗಂಜಿ ಥರ ಆಗಿ ಆ ಉದ್ದ ಶೆಡ್ಡಿಗೆ ಹೋಗ್ತಿತ್ತು. ಒಂದು ತುದಿಯಲ್ಲಿ ನೀರು, ಇನ್ನೊಂದು ತುದಿಯಲ್ಲಿ ಕಾಗದ. ಓಡ್ತಾ ಇರೋ ಕಾಗದ ಹರಿದುಹೋದ್ರೆ ಬರಿಗೈಯಲ್ಲಿ ಹಿಡಿದು ಮತ್ತೆ ರೋಲಿಗೆ ದಾಟಿಸ್ಬೇಕು. ಅದನ್ನ ಹೇಳ್ತಾ ಅಪ್ಪನ ಎರಡೂ ಕೈ ಗಾಳಿಯಲ್ಲಿ ಹಾಗೇ ಮಾಡಿ ತೋರಿಸ್ತು. ಏನೋ ಮಗೂನ ಎತ್ತಿ ಇನ್ನೊಬ್ಬರ ಕೈಗೆ ಕೊಟ್ಟ ಹಾಗೆ.

"ಆಗ ಈ ರೋಡಲ್ಲಿ ಬಸ್ಸಿನವರೆಲ್ಲ ಮೂಗು ಮುಚ್ಕೊಳ್ತಿದ್ರು. ಅಂಥಾ ವಾಸನೆ. ನಮಗೆ ಗೊತ್ತೇ ಆಗ್ತಿರ್ಲಿಲ್ಲ."

"ನಿನಗೆ ಗೊತ್ತಾಗ್ತಿರ್ಲಿಲ್ಲ," ಅಂದ್ಲು ಅಜ್ಜಿ ಗಾಡಿಯೊಳಗಿಂದ. "ನಿನ್ ಬಟ್ಟೆ ಒಗ್ದೋಳಿಗೆ ಗೊತ್ತು."

ಅಪ್ಪ ನಕ್ಕ. ಎಷ್ಟೋ ತಿಂಗಳ ಮೇಲೆ ಹಲ್ಲು ಕಾಣೋ ಥರ. ನಾನು ಕೇಳಿದೆ, "ಅಪ್ಪ, ಮೆಷಿನ್ ಈಗ ಸ್ಟಾರ್ಟ್ ಮಾಡಿದ್ರೆ ಓಡುತ್ತಾ?"

ಅಪ್ಪ ಸರಳು ಬಿಟ್ಟ. ಅಂಗೈಯಲ್ಲಿ ತುಕ್ಕು ಅಂಟಿತ್ತು. "ಓಡ್ತಾ ಇರೋ ಮೆಷಿನ್ ಸವೆಯುತ್ತೆ ಅಷ್ಟೇ ಕಣಮ್ಮ. ನಿಂತಿದ್ದು ಸಾಯುತ್ತೆ. ನಿಲ್ಲಿಸ್ಬಾರ್ದು ಯಾವತ್ತೂ." ಕೈ ಪ್ಯಾಂಟಿಗೆ ಒರೆಸ್ಕೊಂಡು ಗಾಡಿ ಹತ್ತಿದ.

ಇದೆಲ್ಲ ಮೊಬೈಲಲ್ಲಿ ರೆಕಾರ್ಡ್ ಆಗಿತ್ತು. ಅದರಲ್ಲಿ ಒಂದು ಚೂರು ಮೇಡಂಗೆ ಕಳಿಸಿದೆ, ಗಂಟಲು ಹೋಗೋ ಮುಂಚಿನದು ಅಂತ. ಅವತ್ತು ಸಂಜೆ ಮೇಡಂ ಅಲ್ಲ, ಅವರ ಯಜಮಾನ್ರು ಮೊದಲ ಸಲ ಮಾತಾಡಿದ್ರು. ಸಣ್ಣ ದನಿ, ಒಂದೇ ಸಾಲು: "ಈ ಮನಿಷ್ಯಾನ್ನ ಭೆಟ್ಟಿ ಆಗಬೇಕರೀ ನಾ."

ಮಂಗಳವಾರದ ಹೊತ್ತಿಗೆ ಲಾಗ್ ಬುಕ್ಕು ತುಂಬಿತ್ತು, ಒಂದ್ ಸಾಲು ಬಿಟ್ಟು. ಒಂದು ಗಂಟೆಯಿಂದ ಎರಡು ಗಂಟೆ. ಊಟ.

ಯಜಮಾನ್ರು ಟ್ರೇನಿಂಗಲ್ಲಿದ್ದಾಗ ನ್ಯೂಟೌನ್ ಕಡೆ ಒಬ್ಬ ತಮಿಳು ಅಮ್ಮನ ಮೆಸ್ಸಲ್ಲಿ ಉಣ್ತಿದ್ರಂತೆ. ಬೇವಿನ ಮರ, ನೀಲಿ ಬಾಗಿಲು, ಮಧ್ಯಾಹ್ನ ಹುಣಸೆ ಹುಳಿಯ ಕೊಳಂಬು. ಅಲ್ಲೇ ಊಟ ಮಾಡ್ಬೇಕು, ಇದೆಯಾ ನೋಡಿ ಹೇಳ್ರಿ ಅಂದ್ರು ಮೇಡಂ. ನಲವತ್ತು ವರ್ಷದ ಹಿಂದಿನ ಬೇವಿನ ಮರ ಎಲ್ಲಿ ಹುಡುಕೋದು? ನ್ಯೂಟೌನಲ್ಲಿ ಬೇವಿನ ಮರ ಇಲ್ದಿರೋ ಮನೆ ಹುಡುಕೋದೇ ಕಷ್ಟ.

"ಹೇಳ್ಬಿಡೇ ಮಾರಾಯ್ತಿ," ಅಂದ್ಲು ಅಜ್ಜಿ ಮಂಗಳವಾರ ರಾತ್ರಿ ಊಟಕ್ಕೆ ಕೂರೋ ಮುಂಚೆ, ಕಿವಿ ಹತ್ರ.

"ಒಂದ್ ಸಾಲು ಅಜ್ಜಿ. ಒಂದೇ ಸಾಲು."

"ಒಂದ್ ಸಾಲಿಗೆ ಯಾರಾದ್ರೂ ಸಾಯ್ತಾರಾ?"

"ಪೂರ್ತಿ ಆಯ್ತಾ ಅಂತ್ಲೇ ಕೇಳ್ತಾನೆ ನೋಡು. ಆಗಿಲ್ಲ ಅಂದ್ರೆ ಪುಸ್ತಕ ವಾಪಸ್ ಕೊಡ್ತಾನೆ."

ಅಜ್ಜಿಗೂ ಗೊತ್ತು ಮಗ ಎಂಥೋನು ಅಂತ. ಆದ್ರೆ ನಿಜ ಹೇಳ್ಬೇಕಂದ್ರೆ, ಈಗಾದ್ರೂ ಹೇಳ್ಬೇಕು ತಾನೇ, ಅದೊಂದೇ ಕಾರಣ ಅಲ್ಲ. ಆ ಸೀನು. ಕುರ್ಚಿ, ಪೆನ್ನು, ಸೆರಗು. ಒಂದ್ ಸಾಲು ಖಾಲಿ ಇಟ್ಕೊಂಡು ಕೊಟ್ರೆ ನನ್ನ ಸೀನು ಕೆಡ್ತಿತ್ತು. ಕೆಡೋದು ನನಗೆ ಬೇಕಿರ್ಲಿಲ್ಲ.

ಬುಧವಾರ ಕಾಲೇಜಿಂದ ಬರ್ತಾ ಸೈಕಲಲ್ಲಿ ನಾಲ್ಕು ಬೀದಿ ಸುತ್ತಿದೆ. ಸಿಗ್ಲಿಲ್ಲ.

ಗುರುವಾರ ಬೆಳಿಗ್ಗೆ ಎದ್ದು ನೋಡ್ತೀನಿ, ಅಪ್ಪ ಗಾಡಿ ತೊಳೀತಿದ್ದಾನೆ. ಸುಮ್ನೆ ನೀರು ಎರಚೋದಲ್ಲ. ಸೀಟು ಬಿಚ್ಚಿ, ಕೆಳಗಿನ ಚಾಪೆ ತೆಗೆದು, ಹಳೇ ಟೂತ್ ಬ್ರಶ್ಶಲ್ಲಿ ಮೂಲೆ ಮೂಲೆ ಉಜ್ತಾ. ಸ್ಕೂಲ್ ಮಕ್ಕಳು ಅಂಟಿಸಿದ್ದ ಸ್ಟಿಕ್ಕರೆಲ್ಲ ಉಗುರಲ್ಲಿ ಕೆರೆದು ತೆಗೆದಿದ್ದ. ಒಂದೇ ಒಂದು, ಹಿಂದಿನ ಗಾಜಿನ ಕೆಳಗೆ ನಾನು ಎರಡನೇ ಕ್ಲಾಸಲ್ಲಿ ಅಂಟಿಸಿದ್ದ ಚಿಟ್ಟೆ, ಬಿಟ್ಟಿದ್ದ.

ನನಗೆ ಕುಣಿಯೋ ಹಂಗಾಯ್ತು. ಭಾನುವಾರಕ್ಕೆ ಗಾಡಿ ತೊಳೆಸೋದು ಹೇಗಪ್ಪ ಅಂತ ನಾನು ತಲೆ ಕೆಡಿಸ್ಕೊಂಡಿದ್ದೆ, ಕೇಳದೇನೇ ಆಗ್ಹೋಯ್ತಲ್ಲ! ಓಡಿಹೋಗಿ ಷರಾ ಕಾಲಮ್ಮಲ್ಲಿ ಬರೆದೆ: ಗಾಡಿ ತೊಳೆದಾಗಿದೆ. ಕೆಳಗೆ ಎರಡು ಗೆರೆ ಎಳೆದೆ. ನನ್ನ ಅದೃಷ್ಟ ನೋಡು ಅಜ್ಜಿ ಅಂದೆ. ಅಜ್ಜಿ ಬಾಗಿಲಲ್ಲಿ ನಿಂತು ಮಗನನ್ನೇ ನೋಡ್ತಿದ್ಲು. "ಹೂಂ" ಅಂದ್ಲು, ಅಷ್ಟೇ.

ಶುಕ್ರವಾರ ಬೇವಿನ ಮರ ಸಿಕ್ತು. ಬಾಗಿಲು ನೀಲಿ ಅಲ್ಲ, ಹಸಿರು. ಆದ್ರೆ ಬಣ್ಣ ಎದ್ದ ಕಡೆ ಕೆಳಗೆ ನೀಲಿ ಕಾಣ್ತಿತ್ತು. ಹಳೇ ಅಮ್ಮ ತೀರ್ಕೊಂಡು ವರ್ಷಾನುಗಟ್ಟಲೆ ಆಗಿದೆ. ಮಗಳು ಇದ್ದಾರೆ, ಅವರಿಗೇ ಅಜ್ಜಿ ವಯಸ್ಸು. ಈಗ ಮೆಸ್ಸಿಲ್ಲ, ಬೆಳಿಗ್ಗೆ ಇಡ್ಲಿ ಮಾತ್ರ ಮಾಡಿ ಕೊಡ್ತಾರೆ.

ನಾನು ಬಾಗಿಲಲ್ಲೇ ಕೂತು ಕಥೆ ಶುರು ಮಾಡಿದೆ. ಯಜಮಾನ್ರು ನಲವತ್ತು ವರ್ಷದಿಂದ ಬೇರೆಲ್ಲೂ ಕೊಳಂಬು ಮುಟ್ಟಿಲ್ಲ ಅಂದೆ. ನಿಮ್ಮಮ್ಮನ ಹೆಸರು ಹೇಳಿದ್ರೆ ಅವರ ಕಣ್ಣಲ್ಲಿ ನೀರು ಅಂದೆ. ಆ ಅಮ್ಮನ ಹೆಸರು ಯಜಮಾನ್ರಿಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ. ಆಂಟಿ ಹೆಸರುಬೇಳೆ ಆರಿಸ್ತಾ ಕೇಳ್ತಿದ್ರು.

"ಸುಮ್ನೆ ಹೇಳ್ತೀಯ ನೀನು."

"ಸ್ವಲ್ಪ, ಆಂಟಿ."

"ಯಾರ್ ಮಗಳು ಕಣ್ಣು ನೀನು?" ಕಣ್ಣು ಅಂದ್ರೆ ತಮಿಳಲ್ಲಿ ಪುಟ್ಟ, ಬಂಗಾರ ಅಂತ.

ಅಪ್ಪ ಯಾವ ಮೆಷಿನ್, ಯಾವ ಶಿಫ್ಟು ಅಂತ ಹೇಳ್ದೆ. ಆಂಟಿ ಕೈ ನಿಲ್ಲಿಸಿದ್ರು. "ಅಯ್ಯೋ, ಅವನಾ! ನಮ್ಮನೇಲೇ ತಾನೇ ಬಿ ಶಿಫ್ಟ್ ಮುಗ್ಸಿ ತಿಂತಿದ್ದ. ಎರಡು ಅಪ್ಪಳ ಜಾಸ್ತಿ ಕೇಳ್ತಿದ್ದ. ಹೋಗು, ಒಂದ್ ದಿನ ತಾನೇ, ಮಾಡಿ ಕೊಡ್ತೇನೆ. ಅಪ್ಪಂಗೂ ಹೇಳು, ಬರಲಿ. ಅಪ್ಪಳ ಇಟ್ಟಿರ್ತೇನೆ."

ನಾನು ಸೈಕಲ್ ತುಳಿದ ಸ್ಪೀಡಿಗೆ ಭದ್ರಾ ಸೇತುವೆ ಅಲ್ಲಾಡ್ತು. ಇದನ್ನಂತೂ ನಂಬಲೇಬೇಕು.

ಮನೆಗೆ ಬಂದಾಗ ಐದೂವರೆ. ಸಂದಿಯಲ್ಲಿ ಗಾಡಿ ಇರ್ಲಿಲ್ಲ, ಅಪ್ಪ ಎಲ್ಲೋ ಬಾಡಿಗೆಗೆ ಹೋಗಿದ್ದಾನೆ ಅನ್ಕೊಂಡೆ. ಒಳ್ಳೇದೇ ಆಯ್ತು. ಕುರ್ಚಿ ಎಳೆದು ಟೀವಿ ಮುಂದೆ ಇಟ್ಟೆ, ಮೇಲೆ ಒಗೆದ ಟವೆಲ್ ಹಾಸ್ದೆ. ಅಂಗಡಿಗೆ ಫೋನ್ ಮಾಡಿ ಅಮ್ಮಂಗೆ ಬೇಗ ಬಾ ಅಂದೆ, ಯಾಕೆ ಅಂತ ಹೇಳ್ಲಿಲ್ಲ. ಮೇಡಂಗೆ "ಮೆಸ್ ಸಿಕ್ಕಿತು, ಊಟ ಪಕ್ಕಾ" ಅಂತ ಹಾಕಿದೆ. ನೆಲದ ಮೇಲೆ ಕೂತು ಲಾಗ್ ಬುಕ್ ತೆರೆದು ಆ ಸಾಲು ಬರೆದೆ. ಒಂದರಿಂದ ಎರಡು: ನ್ಯೂಟೌನ್, ಬೇವಿನ ಮರದ ಮನೆ, ಕೊಳಂಬು ಊಟ. ಷರಾ: ಗೈಡಿಗೆ ಎರಡು ಅಪ್ಪಳ ಜಾಸ್ತಿ. ಕೆಳಗೆ ಒಪ್ಪಿಸಿದವರು ಅನ್ನೋ ಕಡೆ ನನ್ನ ಸೈನು, ಬಾಲ ಉದ್ದ ಎಳೆದು. ವಹಿಸಿಕೊಂಡವರು ಅನ್ನೋದು ಅಪ್ಪಂಗೆ.

"ಈಗ ಹಾಡು ಬರ್ಲಿ," ಅಂದೆ ಅಜ್ಜಿಗೆ. ಟಿಣಿಂಗ್ ಟಿಣಿಂಗ್ ಕೇಳಿದ ಕೂಡ್ಲೇ ಲೈಟ್ ಹಾಕೋದು ಅವಳ ಕೆಲಸ. ಅಜ್ಜಿ ಸ್ವಿಚ್ ಹತ್ರ ನಿಂತಿದ್ಲು, ಸೆರಗು ಸರಿಯಾಗಿ ಹೊದ್ಕೊಂಡು.

ಹಾಡು ಬರ್ಲಿಲ್ಲ. ಚಪ್ಪಲಿ ಶಬ್ದ ಬಂತು.

ಅಪ್ಪ ನಡ್ಕೊಂಡು ಒಳಗೆ ಬಂದ. ಬೆವತಿದ್ದ. ಒಂದ್ ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಗಾಡಿ ಮುಂದೆ ಕೂರ್ತಿದ್ದ ಪುಟ್ಟ ಗಣಪತಿ. ಕಂಕುಳಲ್ಲಿ ಅಜ್ಜಿಯ ದಿಂಬು.

ಅಜ್ಜಿ ದಿಂಬು ನೋಡಿದ್ಲು. ಕೈ ಸ್ವಿಚ್ಚಿಂದ ಕೆಳಗೆ ಬಂತು.

"ತರೀಕೆರೆಯವರು ಬಂದಿದ್ರಮ್ಮ," ಅಂದ ಅಪ್ಪ, ಅಜ್ಜಿಗೆ. "ನಾಲ್ಕು ಗಂಟೆಗೆ ಗಾಡಿ ತಗೊಂಡು ಹೋದ್ರು. ಒಳ್ಳೇ ಜನ. ನಾನು ಗುಜರಾತಿಗೆ ಹೋದ್ಮೇಲೆ ನಿಂತಲ್ಲೇ ನಿಂತಿದ್ರೆ ಸತ್ತುಹೋಗ್ತಿತ್ತು. ಅವರ ಹತ್ರ ಓಡ್ತಾ ಇರುತ್ತೆ."

ಅಜ್ಜಿ ಬಾಯಿ ತೆರೆದ್ಲು. ನಾನು ಬೇಡ ಅಂತ ತಲೆ ಅಲ್ಲಾಡಿಸಿದೆ. ಅಜ್ಜಿ ದಿಂಬು ಇಸ್ಕೊಂಡು ಎದೆಗೆ ಇಟ್ಕೊಂಡ್ಲು.

ನೆಲದ ಮೇಲೆ ನನ್ನ ಮೊಬೈಲು ಬೆಳಗ್ತು, ಧಾರವಾಡದ್ದು. ಮಗುಚಿ ಹಾಕಿದೆ.

ಅಪ್ಪ ಟವೆ‌ಲ್ ಹಾಸಿದ ಕುರ್ಚಿ ನೋಡಿದ, ಯಾರಿಗೆ ಅಂತ ಕೇಳ್ಲಿಲ್ಲ. ನನ್ನ ಪಕ್ಕ ನೆಲದ ಮೇಲೇ ಕೂತ.

"ಅದು ನನ್ನ ಲಾಗ್ ಬುಕ್ಕಲ್ವಾ?"

"ಹೂಂ. ಕಾಲೇಜ್ ಪ್ರಾಜೆಕ್ಟ್ ಬರೀತಿದ್ದೆ."

"ಪೂರ್ತಿ ಆಯ್ತಾ?"

"ಆಯ್ತಪ್ಪ," ಅಂದೆ. ಮುಚ್ಚಿ ತೊಡೆ ಕೆಳಗೆ ಇಟ್ಕೊಂಡೆ.